ಟೆಲಿಫೋನ್ ಕಂಬದ ಗೂಬೆ

ಇವತ್ತು ಅಮ್ಮನ್ನ ಅಮೆರಿಕದ ಒರೆಗಾನ್‌ನಲ್ಲಿರೋ ಮೌಂಟ್ ಹುಡ್ ಬೆಟ್ಟಕ್ಕೆ ಕರ್ಕೊಂಡೋಗಿದ್ದೆ, ಅಲ್ಲಿರೋ ಹಳೇ ಹೋಟೆಲ್ ಟಿಂಬರ್‌ಲೈನ್ ಲಾಡ್ಜ್‌ಗೆ. ಮೆಟ್ಟಿಲ ಪಕ್ಕದ ಕಂಬದ ತುದೀಲಿ ಮರದ ಗೂಬೆ ಕೂತಿದೆ. "ಅಯ್ಯೋ, ಮನೆಯೊಳಗೆ ಗೂಬೆ ಇಡ್ತಾರೇನೋ!" ಅಂತ ಅಮ್ಮ ಕೈ ಹಿಂದಕ್ಕೆ ತಗೊಂಡ್ರು 😄

ಹಳೇ ಟೆಲಿಫೋನ್ ಕಂಬ ಅಮ್ಮಾ ಅದು, ಬಿಸಾಕಿದ್ದನ್ನ ತಂದು ಕೆತ್ತಿರೋದು ಅಂದೆ. 1936ರಲ್ಲಿ ಲಾಡ್ಜ್ ಕಟ್ಟೋ ಕೆಲಸ ಶುರು, ಮುಂದಿನ ವರ್ಷ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ರೂಸ್‌ವೆಲ್ಟೇ ಬಂದು ಉದ್ಘಾಟನೆ ಮಾಡಿದ್ದು. ದೇಶಕ್ಕೆ ದೇಶವೇ ಕೆಲಸ ಇಲ್ದೆ ಕೂತಿದ್ದ ಕಾಲ, ಕೆಲಸ ಇಲ್ದೋರಿಗೆ ಕೆಲಸ ಕೊಡೋ ಸರ್ಕಾರದ ಡಬ್ಲ್ಯುಪಿಎ ಅನ್ನೋ ಸ್ಕೀಮ್‌ನಲ್ಲಿ ಕೂಲಿಯವ್ರಿಗೆ ಗಂಟೆಗೆ 55 ಸೆಂಟ್ಸು, ಕಸುಬು ಗೊತ್ತಿದ್ದೋರಿಗೆ 90, ಅದ್ರಲ್ಲೇ ಇಷ್ಟು ದೊಡ್ಡ ಕಟ್ಟಡ ಎಬ್ಬಿಸವ್ರೆ, ಬೆಂಕಿಗೂಡಲ್ಲಿ ಸೌದೆ ಇಡೋ ಸ್ಟ್ಯಾಂಡ್ ಕೂಡ ರೈಲು ಕಂಬಿ ಬಗ್ಗಿಸಿ ಮಾಡಿರೋದು!

ನೆಲಕ್ಕೆ ಹಾಸೋ ರಗ್ಗುಗಳನ್ನ ಹಳೇ ಕಂಬಳಿ ಚೂರಲ್ಲಿ ಹೆಣೆದಿದ್ರಂತೆ ಅಂದಾಗ ಮಾತ್ರ ಅಮ್ಮ ತಿರುಗಿ ನೋಡಿದ್ರು. "ಕೌದಿ ಅನ್ನು ಮತ್ತೆ."

ನಾನು ಸುಮ್ನೆ ಗೂಬೆ ತಲೆ ಮೇಲೆ ಕೈ ಇಟ್ಟೆ. ಎಷ್ಟು ಜನ ಸವರಿದಾರೋ, ನುಣ್ಣಗೆ ಎಣ್ಣೆ ಹಚ್ಚಿದಂಗಿದೆ. ಅದನ್ನ ಕೆತ್ತಿದೋನು ಆ ವಾರದ ಸಂಬಳದಲ್ಲಿ ಮನೆಗೆ ಏನು ತಗೊಂಡೋದ್ನೋ.

ಇಳಿಯೋವಾಗ ನೋಡಿದ್ರೆ ಅಮ್ಮನ ಕೈ ಕೂಡ ಅದೇ ಗೂಬೆ ಮೇಲೆ.