ಚಿಚೆನ್ ಇಟ್ಜಾ, ಸೆನೋಟೆ ಎರಡನ್ನೂ ಒಂದೇ ದಿನದಲ್ಲಿ ನೋಡಬಹುದೇ?

ಅಮೆರಿಕದಲ್ಲಿರುವ ನಮ್ಮವರು ಚಳಿಗಾಲದ ರಜೆಗೆ ಮೆಕ್ಸಿಕೊದ ಕಾನ್‌ಕೂನ್‌ಗೆ ಟಿಕೆಟ್ ಕೊಂಡ ಮೇಲೆ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಐದು ದಿನ ಸಮುದ್ರತೀರದ ಹೋಟೆಲಿನಲ್ಲಿ ಇರುತ್ತೇವೆ, ನಡುವೆ ಒಂದು ದಿನ ಬಿಡುವು ಮಾಡಿಕೊಂಡು ಮಾಯಾ ಎಂಬ ಮೂಲನಿವಾಸಿ ಜನರ ಪುರಾತನ ನಗರವಾದ ಚಿಚೆನ್ ಇಟ್ಜಾದ ಪಿರಮಿಡ್ಡನ್ನೂ ಒಂದು ಸೆನೋಟೆಯನ್ನೂ ನೋಡಿ ಸಂಜೆಗೆ ವಾಪಸಾಗಬಹುದೇ? ಸೆನೋಟೆ ಎಂದರೆ ಸುಣ್ಣಕಲ್ಲಿನ ನೆಲ ಕುಸಿದು ಒಳಗಿನ ನೀರು ಬಯಲಾದ ಸ್ಥಳ. ಈಜಲು ಜನ ಅಲ್ಲಿಗೆ ಹೋಗುತ್ತಾರೆ.

ಹೋಗಬಹುದು. ಪ್ರವಾಸಿ ಬಸ್ಸಿನವರು ದಿನವೂ ಅದನ್ನೇ ಮಾಡುತ್ತಾರೆ. ಆದರೂ ಹಾಗೆ ಹೋಗಬೇಡಿ ಎಂದೇ ನಾನು ಹೇಳುತ್ತೇನೆ.

ಬಸ್ಸು ಮೊದಲು ಹೋಟೆಲಿನಿಂದ ಹೋಟೆಲಿಗೆ ಸುತ್ತಿ ಜನರನ್ನು ಹತ್ತಿಸಿಕೊಳ್ಳುತ್ತದೆ. ಆಮೇಲೆ ಸುಮಾರು 200 ಕಿಲೋಮೀಟರ್ ಹೆದ್ದಾರಿ. ನಡುವೆ ಕರಕುಶಲ ವಸ್ತುಗಳ ಅಂಗಡಿಯ ಮುಂದೆ ಒಂದು ನಿಲುಗಡೆ, ಅದು ಯಾರ ಲಾಭಕ್ಕೆ ಎಂದು ನಾನು ಹೇಳಬೇಕಾಗಿಲ್ಲ. ಪಿರಮಿಡ್ಡಿನ ಮುಂದೆ ಇಳಿಯುವಾಗ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಆ ವಿಶಾಲ ಬಯಲಿನಲ್ಲಿ ನೆರಳೆಂಬುದೇ ಇಲ್ಲ. ಮಾರ್ಗದರ್ಶಿ ಚಪ್ಪಾಳೆ ತಟ್ಟಿ ಮೆಟ್ಟಿಲುಗಳಿಂದ ಮರಳುವ ಹಕ್ಕಿಯ ಚಿಲಿಪಿಲಿಯಂಥ ಪ್ರತಿಧ್ವನಿಯನ್ನು ಕೇಳಿಸುತ್ತಾನೆ, ನಾಲ್ಕೂ ಬದಿಗೆ 91ರಂತೆ ಮೆಟ್ಟಿಲು, ಮೇಲಿನದೊಂದು ಸೇರಿ ವರ್ಷದ 365 ದಿನ ಎಂದು ಲೆಕ್ಕ ಒಪ್ಪಿಸುತ್ತಾನೆ, ಗಡಿಯಾರ ನೋಡಿಕೊಳ್ಳುತ್ತಾನೆ. ಸೆನೋಟೆಯಲ್ಲಿ ಲೈಫ್ ಜಾಕೆಟ್ಟಿನ ಸಾಲಿನಲ್ಲಿ ನಿಂತು ನೀರಿಗೆ ಇಳಿಯುವಷ್ಟರಲ್ಲಿ ಬಸ್ಸಿನವನು ಕೂಗುತ್ತಿರುತ್ತಾನೆ. ಇಷ್ಟಕ್ಕೆ ಒಂದು ಇಡೀ ದಿನ ಹೋಯಿತು.

ಇದರ ಬದಲು ಒಂದು ರಾತ್ರಿ ವಯಾಡೊಲಿಡ್ ಪಟ್ಟಣದಲ್ಲಿ ತಂಗಿ. ಚಿಚೆನ್ ಇಟ್ಜಾಕ್ಕೆ ಅಲ್ಲಿಂದ ಮುಕ್ಕಾಲು ಗಂಟೆಯ ದಾರಿ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆಯುವಾಗ ನೀವು ಅಲ್ಲಿದ್ದರೆ ಬಸ್ಸುಗಳು ಬರುವ ಮೊದಲು ಪಿರಮಿಡ್ಡು ಹೆಚ್ಚುಕಡಿಮೆ ನಿಮ್ಮದೇ. ಒಂದು ವಿಷಯ ನೆನಪಿರಲಿ: ಕಾನ್‌ಕೂನ್ ಇರುವುದು ಕಿಂಟಾನಾ ರೋ ರಾಜ್ಯದಲ್ಲಿ, ಚಿಚೆನ್ ಇಟ್ಜಾ ಮತ್ತು ವಯಾಡೊಲಿಡ್ ಇರುವುದು ಯುಕಟಾನ್ ರಾಜ್ಯದಲ್ಲಿ. ಎರಡರ ನಡುವೆ ಒಂದು ಗಂಟೆಯ ವ್ಯತ್ಯಾಸ. ಹೋಗುವಾಗ ಒಂದು ಗಂಟೆ ಸಿಗುತ್ತದೆ, ಬರುವಾಗ ಅದನ್ನು ಕಳೆದುಕೊಳ್ಳುತ್ತೀರಿ. ವಾಪಸಾಗುವ ದಿನವೇ ವಿಮಾನ ಇದ್ದವರು ಈ ಲೆಕ್ಕ ಮರೆತರೆ ಕಷ್ಟ. ಭಾನುವಾರ ಮೆಕ್ಸಿಕೊದವರಿಗೆ ಪುರಾತತ್ವ ಸ್ಥಳಗಳಿಗೆ ಉಚಿತ ಪ್ರವೇಶ, ಜನಜಂಗುಳಿ ಬೇಡದವರು ಬೇರೆ ದಿನ ಹೋಗಲಿ.

ಇನ್ನು ನನ್ನ ನಿಜವಾದ ತಕರಾರಿಗೆ ಬರುತ್ತೇನೆ. ಜನರು ಪಿರಮಿಡ್ಡನ್ನು ಇತಿಹಾಸವೆಂದೂ ಸೆನೋಟೆಯನ್ನು ಮಕ್ಕಳ ಆಟವೆಂದೂ ಬೇರೆ ಮಾಡಿಬಿಡುತ್ತಾರೆ. ಯುಕಟಾನ್ ಪರ್ಯಾಯ ದ್ವೀಪದ ಉತ್ತರ ಭಾಗದಲ್ಲಿ ಹೇಳಿಕೊಳ್ಳುವಂಥ ಒಂದು ನದಿಯೂ ನೆಲದ ಮೇಲೆ ಹರಿಯುವುದಿಲ್ಲ. ಬಿದ್ದ ಮಳೆ ಸುಣ್ಣಕಲ್ಲಿನೊಳಗೆ ಇಂಗಿ, ಕಲ್ಲನ್ನೇ ಕರಗಿಸಿ ಗುಹೆಗಳನ್ನು ಕೊರೆದು, ನೆಲದಡಿಯಲ್ಲೇ ಸಮುದ್ರ ಸೇರುತ್ತದೆ. ಗುಹೆಯ ಚಾವಣಿ ಕುಸಿದ ಕಡೆ ಮಾತ್ರ ಮನುಷ್ಯನಿಗೆ ನೀರು ಕಾಣುವುದು. ಹಾಗಾಗಿ ಊರು ಎಲ್ಲಿ ಏಳಬೇಕೆಂದು ತೀರ್ಮಾನಿಸಿದ್ದು ಬಹುಮಟ್ಟಿಗೆ ಈ ನೀರೇ. ಚಿಚೆನ್ ಇಟ್ಜಾದ ಆವರಣದಲ್ಲಿ ಎರಡು ದೊಡ್ಡ ಸೆನೋಟೆಗಳಿವೆ. ಇಶ್ತೊಲೋಕ್ ಎಂಬುದು ಊರಿನ ಬಳಕೆಗೆ, ಇನ್ನೊಂದು ಪವಿತ್ರ ಸೆನೋಟೆ, ಅದು ಹರಕೆಗೆ. ಮಾಯಾ ಜನರ ಮಳೆದೇವರು ಚಾಕ್. ಅವನಿಗೆ ಸಲ್ಲಬೇಕಾದದ್ದು ಅಲ್ಲಿ ನೀರಿಗೆ ಬೀಳುತ್ತಿತ್ತು.

ಪವಿತ್ರ ಸೆನೋಟೆಯಲ್ಲಿ ಈಜುವಂತಿಲ್ಲ. ಪಿರಮಿಡ್ಡಿನಿಂದ ಉತ್ತರಕ್ಕೆ ಹಳೆಯ ಮಾಯಾ ದಾರಿಯಲ್ಲಿ ಸುಮಾರು 300 ಮೀಟರ್ ನಡೆದು ಹೋಗಬೇಕು. ಇಕ್ಕೆಲದಲ್ಲೂ ಮರದ ಮುಖವಾಡ ಮಾರುವವರು, ಊದಿದರೆ ಜಾಗ್ವಾರಿನಂತೆ ಗುರುಗುಟ್ಟುವ ಪೀಪಿ ಮಾರುವವರು. ಕೊನೆಗೆ ಸುಮಾರು 60 ಮೀಟರ್ ಅಗಲದ ಗುಂಡನೆಯ ಹೊಂಡ, ಬಹಳ ಕೆಳಗೆ ಪಾಚಿಬಣ್ಣದ ನೀರು. ಬಂದವರು ಒಂದು ಫೋಟೊ ತೆಗೆದು ತಿರುಗುತ್ತಾರೆ. ನೀವು ಸ್ವಲ್ಪ ನಿಲ್ಲಿ. ಎಡ್ವರ್ಡ್ ಥಾಮ್ಸನ್ ಎಂಬ ಅಮೆರಿಕದವನು ಈ ಜಮೀನನ್ನೇ ಕೊಂಡುಕೊಂಡು 1904ರಿಂದ ಇದರ ತಳದ ಹೂಳೆತ್ತಿಸಿದ. ಹಸಿರು ಜೇಡ್ ಕಲ್ಲು, ಚಿನ್ನದ ತಟ್ಟೆಗಳು, ಧೂಪದ ಉಂಡೆಗಳು, ಬಟ್ಟೆಯ ಚೂರುಗಳು ಮತ್ತು ಮನುಷ್ಯರ ಮೂಳೆಗಳು ಮೇಲೆ ಬಂದವು. ಅವುಗಳಲ್ಲಿ ಹೆಚ್ಚಿನವು ಹಾರ್ವರ್ಡಿನ ಪೀಬಾಡಿ ವಸ್ತುಸಂಗ್ರಹಾಲಯ ಸೇರಿದವು.

ಇಲ್ಲಿ ಸುಂದರ ಕನ್ಯೆಯರನ್ನು ದೂಡುತ್ತಿದ್ದರು ಎಂಬ ಕತೆ ಇಂದಿಗೂ ಚಾಲ್ತಿಯಲ್ಲಿದೆ. ಸಿಕ್ಕ ಮೂಳೆಗಳು ಆ ಕತೆಗೆ ಸಾಕ್ಷಿ ಹೇಳುವುದಿಲ್ಲ, ಅವುಗಳಲ್ಲಿ ಗಂಡಸರೂ ಇದ್ದಾರೆ, ಮಕ್ಕಳೂ ಬಹಳ. ಈ ಸೆನೋಟೆಗೆ ಹತ್ತಿರದ, ನೆಲದಡಿಯ ಒಂದು ತೊಟ್ಟಿಯಲ್ಲಿ ಸಿಕ್ಕ 64 ಮಕ್ಕಳ ಮೂಳೆಗಳ ಡಿಎನ್‌ಎ ಪರೀಕ್ಷೆಯ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಅಷ್ಟೂ ಗಂಡುಮಕ್ಕಳು, ಅವರಲ್ಲಿ ಅವಳಿಗಳೂ ಇದ್ದರು. ಕತೆಗಿಂತ ಇದು ಹೆಚ್ಚು ಕಲಕುತ್ತದೆ.

ಆದರೆ ಒಂದೇ ಜಾಗ ಆರಿಸಿ ಎಂದರೆ ನಾನು ಚಿಚೆನ್ ಇಟ್ಜಾವನ್ನು ಆರಿಸುವುದಿಲ್ಲ, ಏಕ್ ಬಲಾಮ್ ಎಂಬ ಇನ್ನೊಂದು ಹಳೆಯ ಮಾಯಾ ನಗರಕ್ಕೆ ಕಳಿಸುತ್ತೇನೆ. ವಯಾಡೊಲಿಡ್‌ನಿಂದ ಉತ್ತರಕ್ಕೆ ಅರ್ಧ ಗಂಟೆಯ ದಾರಿ. ಅಲ್ಲಿನ ದೊಡ್ಡ ಕಟ್ಟಡದ ಮೇಲ್ಭಾಗದಲ್ಲಿ, ಹುಲ್ಲು ಹೊದಿಸಿದ ಸೂರಿನ ಕೆಳಗೆ, ಬಾಯಿ ತೆರೆದ ಒಂದು ದೈತ್ಯ ಮುಖವಿದೆ. ಗಾರೆಯಲ್ಲಿ ಮೂಡಿಸಿದ್ದು. ಕೆಳದವಡೆಯ ಕೋರೆಹಲ್ಲುಗಳ ಸಾಲನ್ನು ದಾಟಿಯೇ ಒಳಗೆ ಕಾಲಿಡಬೇಕು, ಬಾಯಿಯೇ ಬಾಗಿಲು. ಮೇಲೆ ರೆಕ್ಕೆಯಿರುವ ಮಾನವಾಕೃತಿಗಳು ಇಂದಿಗೂ ಉಳಿದಿವೆ. ಉಕಿತ್ ಕಾನ್ ಲೆಕ್ ತೋಕ್ ಎಂಬ ದೊರೆಯ ಸಮಾಧಿ ಇದರ ಒಳಗೆ ಸಿಕ್ಕಿತು. ಇಲ್ಲಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ ಇಶ್ಕಂಚೆ ಎಂಬ ಸೆನೋಟೆ, ಬಾಡಿಗೆ ಸೈಕಲ್ಲಿನಲ್ಲಿ ಕಾಡಿನ ದಾರಿ ಹಿಡಿದು ಹೋಗಬಹುದು. ಬೆವರಿದ ಮೈಯಲ್ಲಿ ಆ ತಣ್ಣನೆಯ ನೀರಿಗೆ ಇಳಿದರೆ ಮಾಯಾ ಜನ ಇದನ್ನು ಯಾಕೆ ಪೂಜಿಸಿದರು ಎಂದು ಯಾರೂ ವಿವರಿಸಬೇಕಾಗಿಲ್ಲ.

ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರ ಮರುಪ್ರಶ್ನೆ: ಈಜು ಬರದವರು ಏನು ಮಾಡಬೇಕು? ನಮ್ಮ ಅತ್ತೆಗೆ ಈಜು ಬರುವುದಿಲ್ಲ. ವಯಾಡೊಲಿಡ್ ಪಕ್ಕದ ಸಮುಲಾ ಸೆನೋಟೆಗೆ ಅವರನ್ನು ಕರೆದೊಯ್ದಿದ್ದೆವು. ಅದು ಮುಚ್ಚಿದ ಗುಹೆ, ಚಾವಣಿಯ ಒಂದು ಕಿಂಡಿಯಿಂದ ಬಿಸಿಲು ಕೋಲಿನಂತೆ ಇಳಿಯುತ್ತದೆ, ಮೇಲಿನ ಮರದ ಬೇರುಗಳು ನೀರನ್ನು ಹುಡುಕಿಕೊಂಡು ಕೆಳಗೆ ತೂಗಾಡುತ್ತವೆ. ಅತ್ತೆ ಲೈಫ್ ಜಾಕೆಟ್ ಹಾಕಿಕೊಂಡು ಹಗ್ಗ ಹಿಡಿದರು. ಹಿಡಿದ ಹಗ್ಗ ಬಿಡಲಿಲ್ಲ, ನೀರನ್ನೂ ಬಿಡಲಿಲ್ಲ. ಸಣ್ಣ ಮೀನುಗಳು ಪಾದಕ್ಕೆ ಮುತ್ತಿದಾಗ ಒಮ್ಮೆ ಕೂಗಿದ್ದು ಬಿಟ್ಟರೆ ಮೇಲೆ ಬನ್ನಿ ಎಂದವರ ಮೇಲೆಯೇ ರೇಗಿದರು. ತೊಂದರೆ ಇರುವುದು ಮೆಟ್ಟಿಲುಗಳಲ್ಲಿ. ಚಿಚೆನ್ ಇಟ್ಜಾ ಪಕ್ಕದ ಪ್ರಸಿದ್ಧ ಇಕ್ ಕಿಲ್‌ನಲ್ಲಿ ನೀರು ನೆಲಮಟ್ಟದಿಂದ ಸುಮಾರು 26 ಮೀಟರ್ ಕೆಳಗಿದೆ, ಒದ್ದೆ ಕಲ್ಲಿನ ಮೆಟ್ಟಿಲಿಳಿದು ಮತ್ತೆ ಹತ್ತಬೇಕು. ಮಂಡಿನೋವು ಇರುವವರಿಗೆ ಅದು ಬೇಡ. ಹತ್ತಿ ಚೂಡಿದಾರ್ ಒದ್ದೆಯಾದರೆ ಮೈಗೆ ಭಾರ, ಬೇಗ ಒಣಗುವ ಪ್ಯಾಂಟು ಮತ್ತು ತುಂಬುತೋಳಿನ ಈಜುಡುಗೆ ವಾಸಿ. ಸನ್‌ಸ್ಕ್ರೀನ್ ಹಚ್ಚಿಕೊಂಡು ಹೋಗಬೇಡಿ. ನೀರಿಗಿಳಿಯುವ ಮೊದಲು ಸ್ನಾನ ಮಾಡಿಸಿಯೇ ಬಿಡುತ್ತಾರೆ, ಸರಿಯಾಗಿಯೇ ಇದೆ. ಆ ಇಡೀ ನಾಡು ಕುಡಿಯುವುದು ನೆಲದಡಿಯ ಅದೇ ನೀರನ್ನು.

ಎಲ್ಲ ಸೆನೋಟೆಗಳೂ ಡೈನೊಸಾರ್‌ಗಳನ್ನು ಅಳಿಸಿದ ಕ್ಷುದ್ರಗ್ರಹ ಬಿದ್ದು ಆದವು ಎಂದು ಮಾರ್ಗದರ್ಶಿಗಳು ಹೇಳಿದರೆ ಅರ್ಧ ಮಾತ್ರ ನಂಬಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಬಿದ್ದ ಆ ಕಲ್ಲು ಮಾಡಿದ ಚಿಕ್‌ಶುಲೂಬ್ ಕುಳಿಯ ಅಂಚಿನಲ್ಲಿ ಸೆನೋಟೆಗಳ ಒಂದು ಬಳೆಯೇ ಇರುವುದು ನಿಜ, ಆದರೆ ಅದು ಮೆರಿಡಾ ನಗರದ ಕಡೆ. ಕಾನ್‌ಕೂನ್‌ನಿಂದ ದಕ್ಷಿಣಕ್ಕೆ ಕಡಲತೀರದಲ್ಲಿ, ನೀವು ಹೋಗುವ ತುಲುಮ್ ಕಡೆಯವು ಆ ಬಳೆಯಲ್ಲಿಲ್ಲ. ಅಲ್ಲಿನ ಆಶ್ಚರ್ಯ ಬೇರೆ: ಸಾಕ್ ಅಕ್ತುನ್ ಮತ್ತು ದೋಸ್ ಓಹೋಸ್ ಎಂಬ ಎರಡು ನೀರಡಿಯ ಗುಹಾಜಾಲಗಳು ಒಂದೇ ಎಂದು 2018ರಲ್ಲಿ ಮುಳುಗುಗಾರರು ಕಂಡುಕೊಂಡಾಗ ಒಟ್ಟು ಉದ್ದ 347 ಕಿಲೋಮೀಟರ್ ಆಯಿತು. ನೀರಿನೊಳಗೆ ಇಳಿಬಿದ್ದ ಸುಣ್ಣದ ತೊಂಗಲುಗಳನ್ನು ಗಮನಿಸಿ. ಅವು ಗಾಳಿಯಲ್ಲಿ ಮಾತ್ರ ಬೆಳೆಯುತ್ತವೆ. ಹಿಮಯುಗದಲ್ಲಿ ಸಮುದ್ರ ತಗ್ಗಿದ್ದಾಗ ಈ ಗುಹೆಗಳು ಒಣಗಿದ್ದವು, ಜನ ಒಳಗೆ ನಡೆದಾಡುತ್ತಿದ್ದರು. 12 ಸಾವಿರ ವರ್ಷಗಳಿಗೂ ಹಿಂದಿನ ಒಬ್ಬ ಹುಡುಗಿಯ ಅಸ್ಥಿಪಂಜರ 2007ರಲ್ಲಿ ಇಂಥ ಒಂದು ಗುಂಡಿಯ ತಳದಲ್ಲಿ ಸಿಕ್ಕಿತು. ಇದೇ ಗುಹೆಗಳ ಚಾವಣಿಯನ್ನು ತೂರಿಕೊಂಡು ಈಚೆಗೆ ಸರ್ಕಾರ ಹೊಸದಾಗಿ ಹಾಕಿದ ಮಾಯಾ ರೈಲು ಮಾರ್ಗದ ಉಕ್ಕಿನ ಕಂಬಗಳು ಇಳಿದಿವೆ. ಮುಳುಗುಗಾರರು ಎಷ್ಟು ಬೇಡವೆಂದರೂ ಕೇಳಲಿಲ್ಲ.

ತುಲುಮ್ ಕೋಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರು ಕಡೆ ಗೋಡೆ, ಒಂದು ಕಡೆ ಸಮುದ್ರ, ಕಟ್ಟಡಗಳು ಚಿಕ್ಕವು, ಚಿತ್ರಕ್ಕೆ ಚೆಂದ. ಬೆಳಿಗ್ಗೆ ಮೊದಲು ಹೋಗಿ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಸಾರ್ಗಾಸಮ್ ಎಂಬ ಕಂದು ಕಡಲಕಳೆ ದಡಕ್ಕೆ ರಾಶಿ ಬಿದ್ದು ಕೊಳೆತ ಮೊಟ್ಟೆಯ ವಾಸನೆ ಹೊಡೆಯುವುದುಂಟು, ಆಗ ಸೆನೋಟೆಗಳೇ ಗತಿ.

ಕೊನೆಗೆ, ಪಾಸ್‌ಪೋರ್ಟಿನಲ್ಲಿ ಅಮೆರಿಕದ ಚಾಲ್ತಿ ವೀಸಾ ಅಥವಾ ಕೈಯಲ್ಲಿ ಗ್ರೀನ್ ಕಾರ್ಡ್ ಇದ್ದರೆ ಮೆಕ್ಸಿಕೊಗೆ ಪ್ರತ್ಯೇಕ ವೀಸಾ ಬೇಕಿಲ್ಲ. ಸಸ್ಯಾಹಾರಿಗಳು ಬೀನ್ಸ್ ಬಂತೆಂದು ನಿಶ್ಚಿಂತರಾಗಬೇಡಿ, ಅದನ್ನು ಹಂದಿಯ ಕೊಬ್ಬಿನಲ್ಲಿ ಹುರಿಯುವುದು ಅಲ್ಲಿ ಸಾಮಾನ್ಯ. 'ಸಿನ್ ಮಾಂತೇಕಾ' ಎಂದು ಹೇಳಿದರೆ ಕೊಬ್ಬು ಹಾಕದ್ದನ್ನು ಕೊಡುತ್ತಾರೆ. ಕುಂಬಳಬೀಜ ಹುರಿದು ಟೊಮೆಟೊ ಜೊತೆ ಅರೆದ ಸಿಕಿಲ್ ಪಾಕ್ ಎಂಬುದನ್ನು ತರಿಸಿಕೊಳ್ಳಿ, ಮಾಯಾ ಮನೆಗಳ ಅಡುಗೆ ಅದು. ಹಾಬನೆರೊ ಮೆಣಸಿನಕಾಯಿಯನ್ನು ಮಾತ್ರ ಬ್ಯಾಡಗಿಯ ಧೈರ್ಯದಲ್ಲಿ ಕಚ್ಚಬೇಡಿ.