ಒಂದು ಬಾಟಲಿ, ಮೂರು ಚೀಟಿ

ಮ್ಯಾಗಝೀನ್‌ಗೆ ಏನಾದ್ರೂ ಬರ್ಕೊಡಿ ಅಂತ ಜೂನಿಯರ್ಸ್ ಕೇಳಿದಾಗ ಕ್ಯಾಂಟೀನು, ಕಲ್ಚರಲ್ಸು ಯಾವ್ದೂ ನೆನಪಾಗ್ಲಿಲ್ಲ, ನಮ್ ಝುವಾಲಜಿ ಲ್ಯಾಬಿನ ಕಿಟಕಿ ಪಕ್ಕದ ಕಪಾಟಲ್ಲಿದ್ದ ಆ ಫಾರ್ಮಲಿನ್ (ಸತ್ತ ಪ್ರಾಣಿ ಕೊಳೀದ ಹಾಗೆ ಇಡೋ ದ್ರಾವಣ) ಬಾಟಲಿ ನೆನಪಾಯ್ತು. ಒಳಗೆ ಸುರುಳಿ ಸುತ್ಕೊಂಡ ನೀರೊಳ್ಳೆ ಹಾವು, ಚೌಕುಳಿ ಎಲ್ಲ ಮಾಸಿ ಹಳೇ ಹಗ್ಗದ ಥರ ಆಗೋಗಿತ್ತು.

ಮಜಾ ಇದ್ದಿದ್ದು ಹೊರಗೆ ಆ ಹಾವಿನ ವೈಜ್ಞಾನಿಕ ಹೆಸರು ಬರೆದು ಅಂಟಿಸಿದ್ದ ಚೀಟಿಗಳಲ್ಲಿ. ತೀರಾ ಅಡಿಯಲ್ಲಿ ಇಂಕ್ ಪೆನ್ನಲ್ಲಿ ಟ್ರೋಪಿಡೊನೋಟಸ್ ಪಿಸ್ಕೇಟರ್, ಅದ್ರ ಮೇಲೆ ಅರ್ಧ ಮುಚ್ಚೋ ಹಾಗೆ ನಾಟ್ರಿಕ್ಸ್ ಪಿಸ್ಕೇಟರ್, ಅದ್ರ ಮೇಲೆ ಝೆನೋಕ್ರೋಫಿಸ್ ಪಿಸ್ಕೇಟರ್. ನಾನು ಪ್ರಾಕ್ಟಿಕಲ್ ಎಕ್ಸಾಮಲ್ಲಿ ನಾಟ್ರಿಕ್ಸ್ ಅಂತ ಬರೆದು ಅರ್ಧ ಮಾರ್ಕ್ಸ್ ಕಳ್ಕೊಂಡೆ, ಬಾಟಲಿ ಮೇಲೇ ಇದ್ಯಲ್ಲ ಮೇಡಂ ಅಂತ ಜಗಳಕ್ಕೆ ಹೋದೆ. ಮೇಡಂ ನಕ್ಕು, 'ಬೆಂಗಳೂರಲ್ಲಿ ಬಾಡಿಗೆ ಮನೆ ಬದಲಾಯಿಸ್ತೀವಲ್ಲ ಹಾಗೆ ಕಣೋ, ಮನೆ ಬೇರೆ ಆಯ್ತು, ಆಸಾಮಿ ಅವ್ನೇ' ಅಂದ್ರು. ಹೆಸರಿನ ಮೊದಲ ಪದ ಜೀನಸ್, ಅಂದ್ರೆ ಹತ್ತಿರದ ಸಂಬಂಧಿಗಳ ಗುಂಪು, ಅದೇ ಮನೆ; ಎರಡನೇ ಪದ ಆಸಾಮಿ. ಪಿಸ್ಕೇಟರ್ ಅಂದ್ರೆ ಲ್ಯಾಟಿನ್‌ನಲ್ಲಿ ಮೀನು ಹಿಡಿಯೋನು ಅಂತೆ. 1796ರಲ್ಲಿ ಪ್ಯಾಟ್ರಿಕ್ ರಸೆಲ್ ಅನ್ನೋ ಸ್ಕಾಟಿಷ್ ವೈದ್ಯ ಕೋರಮಂಡಲ ಕರಾವಳಿ ಹಾವುಗಳ ಪುಸ್ತಕದಲ್ಲಿ ಇದ್ರ ಚಿತ್ರ ಹಾಕಿದ್ದ, ಆ ಚಿತ್ರ ಇಟ್ಕೊಂಡೇ ಜರ್ಮನಿಯ ಪ್ರಾಣಿತಜ್ಞ ಶ್ನೈಡರ್ 1799ರಲ್ಲಿ ಹೈಡ್ರಸ್ ಪಿಸ್ಕೇಟರ್ ಅಂತ ಹೆಸರಿಟ್ಟಿದ್ದು. ಅಂದ್ರೆ ನಮ್ ಬಾಟಲಿಗೂ ಮುಂಚೆ ಇನ್ನೊಂದು ಮನೆ ಇತ್ತು!

ಆಮೇಲೆ ಹೆಸರು ಪಕ್ಕಕ್ಕಿಡು, ಹಾವು ನೋಡು ಅಂತ ಲೆನ್ಸ್ ಕೊಟ್ರು. ಕಣ್ಣಿನ ಕೆಳಗಿಂದ ಮೇಲ್ದುಟಿಗೆ ಇಳಿಯೋ ಒಂದು ಕಪ್ಪು ಗೆರೆ, ಕಣ್ಣಿನ ಹಿಂದಿಂದ ಬಾಯಿ ಮೂಲೆ ಕಡೆಗೆ ಇನ್ನೊಂದು, ಮೈಯೆಲ್ಲ ಬಿಳಚಿದ್ರೂ ಅವೆರಡು ಮಾತ್ರ ಇನ್ನೂ ಕಾಣ್ತಿದ್ವು. ಬೆನ್ನಿನ ಒಂದೊಂದು ಹುರುಪೆಯ ಮಧ್ಯದಲ್ಲೂ ಉದ್ದಕ್ಕೆ ಸಣ್ಣ ಏಣು, ಇಂಗ್ಲಿಷಲ್ಲಿ ಇದನ್ನ ಕೀಲ್‌ಬ್ಯಾಕ್ ಅನ್ನೋದು ಅದಕ್ಕೇ. ನಡುಮೈಯಲ್ಲಿ ಹುರುಪೆ ಸಾಲು ಎಣಿಸಿದ್ರೆ 19 ಬರ್ಬೇಕು, ನಂಗೆ ಮೂರು ಸಲನೂ 18 ಬಂತು, ಫಾರ್ಮಲಿನ್ ಘಾಟಿಗೆ ಕಣ್ಣಲ್ಲಿ ನೀರು ಬೇರೆ.

ಅದೇ ಮಳೆಗಾಲದಲ್ಲಿ ಹಾಸ್ಟೆಲ್ ಹಿಂದಿನ ರಾಜಕಾಲುವೆ ಉಕ್ಕಿ ಬಾತ್‌ರೂಮಿಗೆ ಒಂದು ಹಾವು ಬಂತು. ಕತ್ತು ಚಪ್ಪಟೆ ಮಾಡ್ಕೊಂಡು ಬುಸ್ ಅಂತಿತ್ತು, ಹುಡುಗ್ರೆಲ್ಲ ನಾಗರಹಾವು ನಾಗರಹಾವು ಅಂತ ಬಕೆಟ್ ಬಿಟ್ಟು ಓಡಿದ್ರು. ನಂಗೆ ಕಣ್ಣಿನ ಕೆಳಗಿನ ಗೆರೆ ಕಾಣಿಸ್ತು, ಏಣಿರೋ ಹುರುಪೆನೂ ಕಾಣಿಸ್ತು (ನಾಗರದ್ದು ನುಣ್ಣಗಿರುತ್ತೆ), ಸರಿ ಹೀರೋ ಆಗೋಣ ಅಂತ ಬಾಲ ಹಿಡ್ದೆ, ಹೆಬ್ಬೆರಳಿಗೆ ಕಚ್ಚೇ ಬಿಡ್ತು. ವಿಷ ಇಲ್ಲದ ಹಾವು ಅಂತ ಗೊತ್ತಿದ್ರೂ ರಕ್ತ ನೋಡಿ ಕೂತ್ಬಿಟ್ಟೆ. ಮಾರನೇ ದಿನ ಮೇಡಂ 'ಗೆರೆ ನೋಡು ಅಂದೆ, ಬಾಲ ಹಿಡಿ ಅಂದ್ನಾ? ಡೌಟ್ ಇದ್ರೆ ನಾಗರನೇ ಅನ್ಕೊಂಡು ದೂರ ನಿಲ್ಲು' ಅಂತ ಇಡೀ ಕ್ಲಾಸ್ ಎದುರು ಬೈದ್ರು.

2018ರಲ್ಲಿ ಸಂಶೋಧಕರು ಇದನ್ನ ಮತ್ತೆ ಎತ್ತಿ ಫೌಲಿಯಾ ಅನ್ನೋ ಜೀನಸ್‌ಗೆ ಹಾಕಿದ್ರು. ಅದೂ ಹೊಸ ಹೆಸರೇನಲ್ಲ, ಥಿಯೋಬಾಲ್ಡ್ ಅನ್ನೋ ಬ್ರಿಟಿಷ್ ನಿಸರ್ಗತಜ್ಞ 1868ರಲ್ಲೇ ಕೊಟ್ಟು ಜನ ಮರ್ತಿದ್ದು. ಅದನ್ನ ಓದಿದಾಗ್ಲೇ ನಾಲ್ಕನೇ ಚೀಟಿ ನಾನೇ ಅಂಟಿಸ್ಬೇಕು ಅಂತ ಆಸೆ ಇತ್ತು. ಹೋದ ವರ್ಷ ಕಾಲೇಜಿಗೆ ಬಂದು ಕಪಾಟು ತೆಗೆಸಿ ನೋಡ್ತೀನಿ, ಯಾರೋ ಆಗ್ಲೇ ಬಾಲ್‌ಪೆನ್ನಲ್ಲಿ ಬರೆದು ಅಂಟಿಸಿದ್ದಾರೆ. ಗೋಂದು ಸರಿಯಾಗಿ ಹಿಡಿದಿರ್ಲಿಲ್ಲ, ಒಂದು ಮೂಲೆ ಎದ್ದಿತ್ತು. ಹೆಬ್ಬೆರಳಲ್ಲಿ ಒತ್ತಿ ಬಂದೆ.