ಜಪಸರ ಮತ್ತು ಆತ್ಮಶೋಧನೆ: ವಿದ್ಯಾರ್ಥಿನಿಲಯದ ನೆನಪುಗಳು

ಕಥೋಲಿಕ ಧರ್ಮಸಭೆಯ ಚಿಕ್ಕಮಗಳೂರು ಧರ್ಮಕ್ಷೇತ್ರದಿಂದ (ಬಿಷಪ್ ಒಬ್ಬರ ಆಡಳಿತಕ್ಕೆ ಸೇರಿದ ಪ್ರದೇಶ) ಬೇರೆಯಾಗಿ 1988ರಲ್ಲಿ ಶಿವಮೊಗ್ಗ ಧರ್ಮಕ್ಷೇತ್ರ ರೂಪುಗೊಂಡ ಕೆಲವೇ ವರ್ಷಗಳ ನಂತರ ನಾನು ನಮ್ಮ ಶಾಲೆಯ ವಿದ್ಯಾರ್ಥಿನಿಲಯವನ್ನು ಸೇರಿದೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆಗಳಿಂದ ಬಂದಿದ್ದ ನಮ್ಮಲ್ಲಿ ಹೆಚ್ಚಿನವರಿಗೆ ಜಪಸರ, ಅಂದರೆ ಮಣಿಮಾಲೆ ಹಿಡಿದು ಮಾತೆ ಮರಿಯಳಿಗೆ ಸಲ್ಲಿಸುವ ಪ್ರಾರ್ಥನೆ, ಹೊಸದೇನಲ್ಲ. ಆದರೆ ಮನೆಯಲ್ಲಿ ಹಿರಿಯರ ಜೊತೆ ಬಾಯಿಪಾಠ ಒಪ್ಪಿಸುತ್ತಿದ್ದ ಪ್ರಾರ್ಥನೆ ನಮ್ಮದೇ ಆದದ್ದು ಇಲ್ಲಿ, ವಾರ್ಡನ್ ಸಿಸ್ಟರ್ ಅವರ ತಾಳ್ಮೆಯಿಂದ.

ಬೆಳಗಿನ ಬಲಿಪೂಜೆ (ಮಾಸ್), ಮಧ್ಯಾಹ್ನದ ತ್ರಿಕಾಲ ಪ್ರಾರ್ಥನೆ ಎಲ್ಲ ಕಡೆ ಇರುವಂತೆಯೇ ಇದ್ದವು. ನನ್ನನ್ನು ತಿದ್ದಿದ್ದು ರಾತ್ರಿ ಊಟಕ್ಕೆ ಮುಂಚಿನ ಆತ್ಮಶೋಧನೆ. ಲೊಯೋಲಾದ ಸಂತ ಇಗ್ನೇಷಿಯಸರು 16ನೆಯ ಶತಮಾನದಲ್ಲಿ ರೂಪಿಸಿದ ಈ ಕ್ರಮದಲ್ಲಿ ಐದು ಹಂತಗಳಿವೆ; ಮೊದಲನೆಯದು ಪಾಪದ ಲೆಕ್ಕವಲ್ಲ, ಕೃತಜ್ಞತೆ. "ತಪ್ಪು ಆಮೇಲೆ ಹುಡುಕೋಣ ಮಕ್ಕಳೇ, ಮೊದಲು ಇವತ್ತು ದೇವರು ಕೊಟ್ಟಿದ್ದನ್ನು ನೆನಪು ಮಾಡಿಕೊಳ್ಳಿ" ಎನ್ನುತ್ತಿದ್ದರು ಸಿಸ್ಟರ್. ಜಡಿಮಳೆಯ ಒಂದು ಸಂಜೆ, ಒದ್ದೆ ಸೌದೆ ಹೊತ್ತಿಕೊಂಡು ಹಂಡೆಯ ನೀರು ಕಾದದ್ದಕ್ಕೆ ಒಬ್ಬಳು ದೇವರಿಗೆ ಸ್ತೋತ್ರ ಹೇಳಿದಾಗ ನಾವೆಲ್ಲ ನಕ್ಕೆವು. ಸಿಸ್ಟರ್ ಮಾತ್ರ ಕೈ ಜೋಡಿಸಿ, ಗಂಭೀರವಾಗಿ "ಆಮೆನ್" ಎಂದರು. ದಿನವನ್ನು ಗಂಟೆಗಂಟೆಯಾಗಿ ದೇವರ ಮುಂದೆ ತಿರುವಿ ಹಾಕುವುದು, ಕ್ಷಮೆ ಕೇಳುವುದು, ನಾಳೆಗೊಂದು ಸಂಕಲ್ಪ ಮಾಡುವುದು ನಮಗೆ ಕ್ರಮೇಣ ರೂಢಿಯಾಯಿತು. ಭಕ್ತಿ ಉಕ್ಕಿದಾಗ ಮಾತ್ರ ಪ್ರಾರ್ಥಿಸುವವರ ವಿಶ್ವಾಸಕ್ಕಿಂತ ಹೀಗೆ ಹೊತ್ತು ತಪ್ಪದೆ ಕೂರುವವರ ವಿಶ್ವಾಸ ಗಟ್ಟಿ ಎಂದು ನಾನು ದೃಢವಾಗಿ ನಂಬುತ್ತೇನೆ.

ಅಪ್ಪ ತೀರಿಕೊಂಡ ವರ್ಷ ನನಗೆ ಪ್ರಾರ್ಥನೆಗೆ ಮನಸ್ಸೇ ಬರುತ್ತಿರಲಿಲ್ಲ. ಸಿಸ್ಟರ್ ಉಪದೇಶ ಮಾಡಲಿಲ್ಲ. ಬೈಬಲಿನ 13ನೆಯ ಕೀರ್ತನೆಯನ್ನು ತೆಗೆದು ಕೈಗಿಟ್ಟರು. ಇನ್ನೆಷ್ಟು ಕಾಲ ಎಂದು ದೇವರನ್ನು ನಾಲ್ಕು ಸಲ ಕೇಳುವ ಆ ಪುಟ್ಟ ಕೀರ್ತನೆಯನ್ನು ಓದಿದ ಮೇಲೆ, ದೂರುವುದೂ ಪ್ರಾರ್ಥನೆಯೇ ಎಂಬ ಧೈರ್ಯ ಬಂತು. ಅದರ ಕೊನೆಯಲ್ಲಿರುವ ಭರವಸೆಯ ಸಾಲುಗಳನ್ನು ಹೇಳಲು ಮಾತ್ರ ಬಹಳ ದಿನ ಬೇಕಾಯಿತು.

ಜಪಸರದ ಐದು ಹತ್ತುಗಳನ್ನು, ಅಂದರೆ ಹತ್ತು ಹತ್ತು ಮಣಿಗಳ ಐದು ಭಾಗಗಳನ್ನು, ಐವರು ಸರದಿಯಂತೆ ನಡೆಸುತ್ತಿದ್ದೆವು. ನನ್ನ ಸರದಿಯಲ್ಲಿ "ನಮೋ ಮರಿಯಾ" ಎಂದು ಆರಂಭಿಸಿ ಗಂಟಲು ಕಟ್ಟಿದರೆ, ಪಕ್ಕದವಳು ನನ್ನ ಮುಖ ನೋಡದೆಯೇ ಆ ಸಾಲನ್ನು ಎತ್ತಿಕೊಂಡು ಮುಂದುವರಿಸುತ್ತಿದ್ದಳು, ಉಳಿದವರು ಉತ್ತರಾರ್ಧ ಹೇಳುತ್ತಿದ್ದರು. ನನ್ನಿಂದಾಗದ ದಿನಗಳಲ್ಲಿ ಅವರೆಲ್ಲ ನನ್ನ ಪರವಾಗಿ ಪ್ರಾರ್ಥಿಸಿದರು. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಬರುವ ಹೊತ್ತಿಗೆ ನನ್ನ ಪಾಲಿನ ಹತ್ತು ಮಣಿಗಳನ್ನು ನಾನೇ ಪೂರ್ತಿಯಾಗಿ ನಡೆಸತೊಡಗಿದ್ದೆ.